ಹೊಟ್ಟೆ ಕಟ್ಟೋ ಬಟ್ಟೆಯ ಕಥೆ

ಭಾಗ 1

ಮೊದಲ ಫೋಟೋ ನೋಡಿ. ಹಳೇ ಹತ್ತಿ ಸೀರೆ, ಉದ್ದಕ್ಕೆ ಹರಿದು ಮಡಿಕೆ ಮಾಡಿದ್ದು. ನಮ್ಮ ಮೆಟ್ರಿ ಮನೆಯ ಟ್ರಂಕಿನ ತಳದಲ್ಲಿತ್ತು. ಅಜ್ಜಿ ಇದನ್ನ ಅಮ್ಮನ ಬಾಣಂತನಕ್ಕೆ ಕಟ್ಟಿದ್ದಳು, ಈ ವರ್ಷ ಅಕ್ಕನಿಗೆ ಕಟ್ಟಿದಳು. "ಬಿಗಿಯಾಗಿ ಕಟ್ಟದಿದ್ರ ಹೊಟ್ಟಿ ಬುಟ್ಟಿ ಆಗ್ತೈತಿ ನೋಡವಾ" ಅಂತ ದಿನಾ ಒಂದೇ ಮಾತು.

ಅಕ್ಕ ಬಟ್ಟೆನೂ ಕಟ್ಟಿಸ್ಕೊಂಡಳು, ಜೊತೆಗೆ ಮೊಬೈಲೂ ನೋಡಿದಳು. ಮೂರನೇ ವಾರಕ್ಕೇ ಬಾಗಿಲು ಹಾಕ್ಕೊಂಡು, ವಿಡಿಯೋದವರು ಹೇಳಿದ ಹಾಗೆ ಮಲಗಿ ಏಳೋ ಸಿಟ್‌ಅಪ್ ಶುರು. ಐದನೇ ದಿನ ಏಳುವಾಗ ಹೊಟ್ಟೆಯ ನಡುವೆ ಸೌತೆಕಾಯಿ ಇಟ್ಟ ಹಾಗೆ ಉದ್ದಕ್ಕೆ ಉಬ್ಬಿ ಬಂತು. "ಕರುಳು ಹೊರಗ ಬರಾಕತ್ತೈತೇನೋ" ಅಂತ ಅಳು. ಆಸ್ಪತ್ರೆಗೆ ಹೋದರೆ, ಹರ್ನಿಯಾ ಅಲ್ಲ, ಹೊಟ್ಟೆಯ ಸ್ನಾಯುಗಳ ನಡುವೆ ಅಂತರ ಬಿಟ್ಟಿದೆ, ಅವಸರ ಮಾಡಬೇಡ ಅಂದರು.

ಆವತ್ತಿಂದ ನನ್ನ ತಲೆಯಲ್ಲಿ ಹುಳ. ಈ ಬಟ್ಟೆ ಕಟ್ಟೋದು ಎಷ್ಟು ಹಳೇದು? ಆ ಸಿಟ್‌ಅಪ್ ಎಲ್ಲಿಂದ ಬಂತು? ಹಿಸ್ಟರಿ ಕ್ಲಾಸಲ್ಲಿ ಕೃಷ್ಣದೇವರಾಯನ ದಂಡಯಾತ್ರೆ ಎಲ್ಲಾ ಓದಿದ್ವಿ, ನಮ್ಮಮ್ಮಂದಿರ ಹೊಟ್ಟೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಹುಡುಗರೇ, ಇದು ನಮಗಲ್ಲ ಅಂತ ಸ್ಕ್ರೋಲ್ ಮಾಡಬೇಡಿ. ನೀವೂ ಒಂದು ಹೊಟ್ಟೆಯಿಂದಲೇ ಬಂದವರು.

ಭಾಗ 2

ಬಟ್ಟೆ ಕಟ್ಟೋದು ಅಜ್ಜಿ ಕಂಡುಹಿಡಿದಿದ್ದಲ್ಲ. ಚರಕ ಸಂಹಿತೆಯ ಶಾರೀರ ಸ್ಥಾನದಲ್ಲೇ ಇದೆ: ಹೆತ್ತವಳ ಹೊಟ್ಟೆಗೆ ತುಪ್ಪ, ಎಣ್ಣೆ ಸವರಿ, ದೊಡ್ಡ ಬಟ್ಟೆ ಸುತ್ತಬೇಕು. ಕಾರಣವನ್ನೂ ಕೊಟ್ಟಿದ್ದಾರೆ. ಖಾಲಿಯಾದ ಹೊಟ್ಟೆಯಲ್ಲಿ ವಾಯುವಿಗೆ ಜಾಗ ಸಿಗಬಾರದು ಅಂತ. ಇವತ್ತಿನ ವೈದ್ಯರು ಆ ಕಾರಣ ಒಪ್ಪಲ್ಲ. ಆದರೆ ನನ್ನ ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ, "ಹೊಟ್ಟ್ಯಾಗ ಗಾಳಿ ಹೊಕ್ಕೊಂತೈತಿ" ಅಂತ ಅದೇ ಕಾರಣ ಹೇಳ್ತಾಳೆ! ಪುಸ್ತಕದಿಂದ ಮನೆಗೆ ಬಂತೋ, ಮನೆಯಿಂದ ಪುಸ್ತಕಕ್ಕೆ ಹೋಯ್ತೋ? ನನಗೆ ಎರಡನೇದೇ ಸರಿ ಅನ್ಸುತ್ತೆ.

ಪಕ್ಕದ ಹಂಪಿಗೆ 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್, ಅರಮನೆಯಲ್ಲಿ ಕುಸ್ತಿ ಆಡುವ, ಲೆಕ್ಕ ಬರೆಯುವ ಹೆಂಗಸರ ಬಗ್ಗೆ ಬರೆದಿದ್ದಾನೆ. ಬಾಣಂತಿ ಕೋಣೆಯೊಳಗೆ ಮಾತ್ರ ಪರದೇಶದ ಗಂಡಸಿಗೆ ಪ್ರವೇಶ ಇರಲಿಲ್ಲ. ಅಲ್ಲಿನ ವಿದ್ಯೆ ಸೂಲಗಿತ್ತಿಯರ ಕೈಯಲ್ಲೇ ಉಳೀತು.

ಅಂಥ ಒಬ್ಬರನ್ನ ನೀವು ಸುದ್ದಿಯಲ್ಲಿ ನೋಡಿರ್ತೀರಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಅಜ್ಜಿಯಿಂದ ಕಲಿತು, ಕಾಸು ಕೇಳದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು. ಎಣ್ಣೆ, ಬಿಸಿನೀರು ಎರೆಯೋದು, ಹೊಗೆ, ಬಟ್ಟೆ, ಅಂಟಿನ ಉಂಡಿ, ಹೊರಸಿನ ಮೇಲೆ 40 ದಿನ: ಇದೆಲ್ಲ ಸೇರಿ ಒಂದು ಬಾಣಂತನ. ವೈದ್ಯರು ಹೇಳೋ 6 ವಾರ ಅಂದರೂ 42 ದಿನವೇ. ಲೆಕ್ಕ ಎಷ್ಟು ಹತ್ತಿರ ನೋಡಿ.

ಭಾಗ 3

ಇದು ನನಗೆ ಅತ್ಯಂತ ಇಷ್ಟವಾದ ತುಣುಕು. 2007ರಲ್ಲಿ ಕರ್ನಾಟಕ ಸರ್ಕಾರ 'ಮಡಿಲು' ಯೋಜನೆ ಶುರು ಮಾಡಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ಸಾಮಾನಿನ ಕಿಟ್. ಸೊಳ್ಳೆ ಪರದೆ, ಸೋಪು, ಕೊಬ್ಬರಿ ಎಣ್ಣೆ, ಮಗುವಿಗೆ ಸ್ವೆಟರ್, ಟೋಪಿ... ಮತ್ತೆ ತಾಯಿಯ ಹೊಟ್ಟೆಗೆ ಕಟ್ಟೋಕೆ ಒಂದು ಬಟ್ಟೆ! ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬರಲಿ ಅನ್ನೋದೇ ಯೋಜನೆಯ ಉದ್ದೇಶ. ಸೂಲಗಿತ್ತಿಯನ್ನ ಬಿಟ್ಟು ಬನ್ನಿ ಅಂದ ಸರ್ಕಾರವೇ ಸೂಲಗಿತ್ತಿಯ ಬಟ್ಟೆಯನ್ನ ಚೀಲದಲ್ಲಿಟ್ಟು ಕೊಟ್ಟಿತು. ಯಾರಿಗೋ ಗೊತ್ತಿತ್ತು, ಆ ಬಟ್ಟೆ ಇಲ್ಲದಿದ್ದರೆ ಅಜ್ಜಿಯಂದಿರು ಒಪ್ಪಲ್ಲ ಅಂತ.

ಭಾಗ 4

ಈಗ ಸಿಟ್‌ಅಪ್ ಕಡೆಗೆ. ಬಟ್ಟೆ ಕಟ್ಟೋದು ಹಳ್ಳಿಯವರ ಮೂಢನಂಬಿಕೆ ಅಂತ ನಗೋರಿಗೆ ಒಂದು ಮಾತು: 19ನೇ ಶತಮಾನದ ಇಂಗ್ಲೆಂಡಿನಲ್ಲೂ ಹೆತ್ತ ತಕ್ಷಣ ಹೊಟ್ಟೆಗೆ ಪಟ್ಟಿ ಬಿಗಿದು, ದಿನಗಟ್ಟಲೆ ಹಾಸಿಗೆ ಬಿಟ್ಟು ಏಳೋಕೆ ಬಿಡ್ತಿರಲಿಲ್ಲ. ಅಲ್ಲಿ ಇದು ಬದಲಾಗಿದ್ದು 20ನೇ ಶತಮಾನದಲ್ಲಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಿನ್ನಿ ರ‍್ಯಾಂಡಲ್ ಬಾಣಂತಿಯರಿಗೆ ವ್ಯಾಯಾಮ ಹೇಳಿಕೊಟ್ಟರು. ಮಾರ್ಗರೆಟ್ ಮಾರಿಸ್ ಅನ್ನೋ ನೃತ್ಯಗಾರ್ತಿ ಫಿಸಿಯೋಥೆರಪಿ ಕಲಿತು 1936ರಲ್ಲಿ ಹೆರಿಗೆ ನಂತರದ ವ್ಯಾಯಾಮದ ಪುಸ್ತಕವನ್ನೇ ಬರೆದಳು. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗಲ್, ಕೆಳಹೊಟ್ಟೆಯ ತಳದ ಸ್ನಾಯುಗಳನ್ನ ಬಿಗಿದು ಸಡಿಲಿಸೋ ಅಭ್ಯಾಸದ ಬಗ್ಗೆ ಬರೆದ. ಇವತ್ತಿಗೂ ಅದಕ್ಕೆ ಅವನ ಹೆಸರೇ.

ಆಮೇಲೆ 'ಹೊಟ್ಟೆ ಚಪ್ಪಟೆ' ಅನ್ನೋ ಹುಚ್ಚು ಬಂತು. ಶಕ್ತಿಯ ಮಾತು ಹೋಗಿ ಚಂದದ ಮಾತು ಉಳೀತು. ಅಕ್ಕ ನೋಡಿದ ವಿಡಿಯೋ ಆ ಹುಚ್ಚಿನ ಮರಿಮಗಳು.

ಭಾಗ 5

ಒಳಗೆ ಆಗೋದೇನು? ಹೊಟ್ಟೆಯ ಮುಂದೆ ಎಡಕ್ಕೊಂದು ಬಲಕ್ಕೊಂದು ಉದ್ದ ಸ್ನಾಯು. ಎರಡನ್ನೂ ನಡುವಲ್ಲಿ ಹೊಲಿದಿರೋದು ಬಿಳಿ ನಾರಿನ ಪಟ್ಟಿ. ಮಗು ಬೆಳೆದಂತೆ ಆ ಪಟ್ಟಿ ಅಗಲವಾಗಿ ತೆಳುವಾಗುತ್ತೆ. ಇದು ಕಾಯಿಲೆ ಅಲ್ಲ. 2015ರಲ್ಲಿ ಪ್ರಕಟವಾದ ಪೋರ್ಚುಗಲ್ ಅಧ್ಯಯನದಲ್ಲಿ, 35ನೇ ವಾರದ ಬಸುರಿಯರಲ್ಲಿ ನೂರಕ್ಕೆ ನೂರು ಮಂದಿಗೂ ಈ ಅಂತರ ಇತ್ತು. ಹೆರಿಗೆಯಾಗಿ 6 ತಿಂಗಳಿಗೆ 39 ಮಂದಿಗೆ ಮಾತ್ರ ಉಳಿದಿತ್ತು. ಅಂದರೆ ಬಹಳಷ್ಟು ಜನರಿಗೆ ದೇಹವೇ ಸರಿಮಾಡಿಕೊಳ್ಳುತ್ತೆ, ಟೈಮ್ ಕೊಟ್ಟರೆ.

ಹಾಗಾದರೆ ಅಜ್ಜಿಯ ಬಟ್ಟೆ? ಸೊಂಟಕ್ಕೆ ಆಸರೆ, ಕೆಮ್ಮುವಾಗ ಧೈರ್ಯ. ಸಿಸೇರಿಯನ್ ಆದವರಿಗೆ ನೋವು ಸ್ವಲ್ಪ ಕಡಿಮೆ ಆಗಬಹುದು. ಆದರೆ ಬಟ್ಟೆ ಸ್ನಾಯುವನ್ನ ಕೂಡಿಸಲ್ಲ, ಶಕ್ತಿನೂ ಕೊಡಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಗೆ ಇಳಿದು ತಳದ ಸ್ನಾಯುಗಳಿಗೇ ಭಾರ. ನಾವು ಅಜ್ಜಿಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡು ಅಂತ ಬೇಡಿಕೊಂಡ್ವಿ. ಒಪ್ಪೋಕೆ ಒಂದು ವಾರ ಹಿಡೀತು!

ಸಿಟ್‌ಅಪ್ ವಿಷ ಅಂತಲೂ ತೀರ್ಮಾನ ಮಾಡಬೇಡಿ. ನಾರ್ವೆಯ ಸಂಶೋಧಕರು 2023ರಲ್ಲಿ, ಹೆತ್ತು 6ರಿಂದ 12 ತಿಂಗಳಾದ, ಅಂತರ ಉಳಿದಿದ್ದ 70 ಮಂದಿಯ ಅಧ್ಯಯನ ಪ್ರಕಟಿಸಿದರು. ಅರ್ಧ ಜನಕ್ಕೆ ತಲೆ-ಭುಜ ಎತ್ತುವ ವ್ಯಾಯಾಮ 12 ವಾರ ಮಾಡಿಸಿದರು. ಅವರ ಶಕ್ತಿ ಹೆಚ್ಚಿತು, ಅಂತರ ಹದಗೆಡಲಿಲ್ಲ. ಅಕ್ಕ ಮಾಡಿದ್ದು ಮೂರನೇ ವಾರದಲ್ಲಿ, ಉಸಿರು ಬಿಗಿಹಿಡಿದು, ಒಮ್ಮೆಲೇ ಐವತ್ತು. ತಪ್ಪಿದ್ದು ಸಮಯ ಮತ್ತು ಅಳತೆ.

ಆಮೇಲೆ ಅವಳಿಗೆ ಹೇಳಿಕೊಟ್ಟಿದ್ದು ಇಷ್ಟೇ. ಮೊದಲು ಉಸಿರು: ಮಲಗಿ ಮಂಡಿ ಮಡಚಿ, ಉಸಿರು ಬಿಡುವಾಗ ತಳದ ಸ್ನಾಯುವನ್ನ ಮೂತ್ರ ತಡೆಯೋ ಹಾಗೆ ಮೇಲಕ್ಕೆಳೆದು, ಕೆಳಹೊಟ್ಟೆಯನ್ನ ಮೆಲ್ಲಗೆ ಒಳಕ್ಕೆ. ಏಳುವಾಗ ನೇರ ಏಳದೆ ಮಗ್ಗುಲಾಗಿ ಕೈಯೂರಿ. ಅಂಗಳದಲ್ಲಿ ನಡಿಗೆ, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ವಾರಗಳಾದ ಮೇಲೆ ಹಿಮ್ಮಡಿ ಜಾರಿಸೋದು, ಸೊಂಟ ಎತ್ತೋದು. ನಡುವೆ ಉಬ್ಬು ಕಂಡರೆ ಅಥವಾ ಮೂತ್ರ ಸೋರಿದರೆ ಅವತ್ತಿಗೆ ಒಂದು ಹೆಜ್ಜೆ ಹಿಂದೆ. ಸಿಸೇರಿಯನ್ ಆದವರು ವ್ಯಾಯಾಮ ಶುರು ಮಾಡೋ ಮೊದಲು ಡಾಕ್ಟರನ್ನ ಕೇಳಲೇಬೇಕು. ರಕ್ತಸ್ರಾವ ಜಾಸ್ತಿಯಾದರೆ, ಜ್ವರ ಬಂದರೆ, ಗಾಯ ಕೆಂಪಾಗಿ ನೋವಾದರೆ, ಹೊಕ್ಕುಳ ಹತ್ತಿರ ಗಟ್ಟಿ ಗಂಟು ನೋಯುತ್ತಿದ್ದರೆ ವ್ಯಾಯಾಮದ ಮಾತೇ ಬೇಡ, ಆಸ್ಪತ್ರೆ.

ಭಾಗ 6

ಒಂದು ವಿಷಯ ಹೇಳದೆ ಮುಗಿಸೋಕೆ ಮನಸ್ಸಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಕಂಪ್ಲಿ ಕಡೆ ಭತ್ತ ನಾಟಿಗೆ ದಿನಗೂಲಿಗೆ ಹೋಗೋ ಹೆಂಗಸಿಗೆ ಅದು ಸಿಗಲ್ಲ. ಬಗ್ಗಿ ನಾಟಿ ಹಚ್ಚೋದು, ಪುಟ್ಟಿ ಹೊರೋದು, ಎರಡು ಬಿಂದಿಗೆ ಎತ್ತೋದು: ಸಿಟ್‌ಅಪ್‌ಗಿಂತ ಇವೇ ದೊಡ್ಡ ಭಾರ. ಮೊದಲ ಹೆರಿಗೆಗೆ ತವರಲ್ಲಿ 40 ದಿನ ಸಿಕ್ಕರೆ, ಮೂರನೇದಕ್ಕೆ ಎಷ್ಟೋ ಜನಕ್ಕೆ ಹತ್ತು ದಿನವೂ ಇಲ್ಲ. ಅಮ್ಮನೂ ಹಾಗೇ ಎದ್ದವಳು. ಕೆಮ್ಮು ಬಂದರೆ ಯಾಕೆ ಕಾಲು ಕೂಡಿಸಿ ನಿಲ್ತಾಳೆ ಅಂತ ಈ ವರ್ಷ ನನಗೆ ಅರ್ಥ ಆಯ್ತು. ಕೇಳಿದಾಗ "ಎಲ್ಲಾರಿಗೂ ಹಂಗ ಇರ್ತೈತಿ ಬಿಡು" ಅಂದಳು. ಈಗ ಅಕ್ಕನ ಪಕ್ಕ ಚಾಪೆ ಹಾಕ್ಕೊಂಡು ಅವಳೂ ಉಸಿರಿನ ಅಭ್ಯಾಸ ಮಾಡ್ತಾಳೆ, ನಾವು ನೋಡಿದರೆ ನಿಲ್ಲಿಸ್ತಾಳೆ.

ಕೊನೆ ಫೋಟೋ ನಿನ್ನೆಯದು. ಅಕ್ಕ ಗಂಡನ ಮನೆಗೆ ಹೊರಟಳು. ಬಟ್ಟೆ ಒಗೆದು, ಮಡಚಿ, ಮತ್ತೆ ಟ್ರಂಕಿಗೆ. ಮನೆಗೆ ನೀರು ತರೋದು ಇನ್ನು ಮೂರು ತಿಂಗಳು ನಿನ್ನ ಕೆಲಸ ಅಂತ ಭಾವನಿಗೆ ಅಜ್ಜಿಯೇ ಹೇಳಿ ಕಳಿಸಿದಳು. ಭಾವ ತಲೆ ಆಡಿಸಿದ್ದಾನೆ, ಫೋಟೋದಲ್ಲಿ ಕಾಣುತ್ತೆ.

ನಿಮ್ಮ ಮನೆಯ ಟ್ರಂಕಲ್ಲೂ ಇಂಥ ಬಟ್ಟೆ ಇದ್ದರೆ, ಯಾರು ಯಾರಿಗೆ ಕಟ್ಟಿದ್ದು ಅಂತ ಕೇಳಿ ಕಾಮೆಂಟಲ್ಲಿ ಬರೀರಿ.

#ಮೆಟ್ರಿ #ಕಂಪ್ಲಿ #ಬಾಣಂತನ #ನಮ್ಮಜ್ಜಿಹಿಸ್ಟರಿ