ಸಳನ ಕೈಗೆ ಬಂದ ಸೆಳೆ

ಬೇಲೂರಿನ ಚೆನ್ನಕೇಶವ ಗುಡಿಯ ಬಾಗಿಲ ಪಕ್ಕದಲ್ಲಿ ಸಳ ಹುಲಿಯ ಮೇಲೆ ಎರಗಿ ನಿಂತಿದ್ದಾನೆ. ಆ ಮೃಗ ಹುಲಿಗಿಂತ ಹೆಚ್ಚಾಗಿ ಸಿಂಹದಂತೆ ಕಾಣುತ್ತದೆ. ಅರಸೀಕೆರೆಯಲ್ಲಿ ಮೇಷ್ಟರಾಗಿದ್ದಷ್ಟು ಕಾಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಮೊದಲು ತೋರಿಸುತ್ತಿದ್ದದ್ದು ಅವನ ಕೈ. ಅಲ್ಲಿರುವುದು ಇರಿಯುವ ಆಯುಧ. ಕಥೆಯಲ್ಲಿ ಇದ್ದದ್ದು ಒಂದು ಕೋಲು.

ಕಥೆ ನಡೆಯುವುದು ಸೊಸೆವೂರಿನಲ್ಲಿ, ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ. ವಾಸಂತಿಕೆಯ ಗುಡಿಯ ಬಳಿ ಹುಲಿ ಎಗರಿ ಬಂದಾಗ ಸುದತ್ತನೆಂಬ ಜೈನಮುನಿ ಕೈಯಲ್ಲಿದ್ದ ಕೋಲನ್ನು ಸಳನಿಗೆ ಕೊಟ್ಟು ‘ಹೊಯ್ ಸಳ’ ಎಂದ. ಸಳ ಹೊಡೆದ, ಹುಲಿ ಸತ್ತಿತು, ಹೊಯ್ಸಳ ವಂಶಕ್ಕೆ ಹೆಸರು ಬಂತು. ಸಳ ನಿಜವಾಗಿ ಇದ್ದನೇ ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ಕೋಲಿನ ಮೇಲೆ.

ಶಾಸನಗಳು ಅದನ್ನು ಒಂದೇ ಬಗೆಯಲ್ಲಿ ಹೇಳುವುದಿಲ್ಲ. ಅದನ್ನು ‘ಕುಂಚದ ಸೆಳೆ’, ಅಂದರೆ ಕುಂಚದ ಕೋಲು, ಎನ್ನುವ ಮಾತನ್ನು ಹಿಡಿದು ನೋಡಿ. ದಿಗಂಬರ ಮುನಿಯ ಬಳಿ ಇರುವುದೇ ಎರಡು ವಸ್ತು, ಕಮಂಡಲು ಮತ್ತು ನವಿಲುಗರಿಯ ಕುಂಚ. ಕೂರುವ ಮುನ್ನ ನೆಲವನ್ನು, ಇಡುವ ಮುನ್ನ ವಸ್ತುವನ್ನು ಆ ಕುಂಚದಿಂದ ಮೆಲ್ಲಗೆ ಸವರಬೇಕು. ಇರುವೆಯೂ ಅಡಿಗೆ ಸಿಕ್ಕಬಾರದು. ಉದುರಿದ ಗರಿಯನ್ನೇ ಆಯ್ದು ಕಟ್ಟುತ್ತಾರೆ, ನವಿಲಿಗೂ ನೋವಾಗಬಾರದೆಂದು. ಇರುವೆಯನ್ನು ಉಳಿಸಲು ಇದ್ದ ಕುಂಚದ ಕಾವಿನಿಂದ ಹುಲಿ ಸತ್ತಿತು! ಇಂಥ ಮಂತ್ರದಂಡ ಬೇರೆ ಯಾವ ನಾಡಿನ ಕಥೆಯಲ್ಲೂ ನನಗೆ ಕಂಡಿಲ್ಲ.

ರಾಮಾಯಣದ ಬಾಲಕಾಂಡದಲ್ಲಿ ವಸಿಷ್ಠರ ಬ್ರಹ್ಮದಂಡ ವಿಶ್ವಾಮಿತ್ರನ ಅಸ್ತ್ರಗಳನ್ನೆಲ್ಲ ನುಂಗುತ್ತದೆ. ಆ ದಂಡವನ್ನು ವಸಿಷ್ಠರೇ ಹಿಡಿದಿರುತ್ತಾರೆ, ಬಲ ಅವರ ತಪಸ್ಸಿನದು. ಗ್ರೀಕರ ಒಡಿಸ್ಸಿಯಲ್ಲಿ ಸರ್ಸಿ ಮದ್ದು ಬೆರೆಸಿದ ಊಟ ಬಡಿಸಿ, ಕೋಲು ತಾಕಿಸಿ ನಾವಿಕರನ್ನು ಹಂದಿಗಳನ್ನಾಗಿ ಮಾಡುತ್ತಾಳೆ. ಅಲ್ಲಿ ಮದ್ದಿಗೆಷ್ಟು ಪಾಲು, ಕೋಲಿಗೆಷ್ಟು ಎಂದು ಬಿಡಿಸಿ ಹೇಳಲಾಗದು. ನಮ್ಮಜ್ಜಿಯ ಕಥೆಯಲ್ಲಿ ‘ಹಗ್ಗವೇ ಕಟ್ಟು, ದೊಣ್ಣೆಯೇ ಹೊಡಿ’ ಎಂದರೆ ಸಾಕು, ದೊಣ್ಣೆ ತಾನೇ ಎದ್ದು ಹೋಗುತ್ತಿತ್ತು. ಹೇಳಿದವನು ಕಳ್ಳನಾದರೂ ಅದಕ್ಕೆ ಒಂದೇ.

ಸೊಸೆವೂರಿನ ಕೋಲು ಹಾಗಲ್ಲ. ಅದಕ್ಕೆ ಮೂರೂ ಬೇಕು: ಮುನಿಯ ವ್ರತ, ಅವನ ಬಾಯಿಂದ ಬಂದ ಮಾತು, ಹಿಂಜರಿಯದ ಸಳನ ತೋಳು. ಮುನಿ ತಾನೇ ಹೊಡೆಯಲಾರ, ವ್ರತ ಬಿಡದು. ಸಳನ ಕೈಯಲ್ಲಿ ಬರಿಯ ಕೋಲಿದ್ದರೆ ಹುಲಿ ಬೆದರದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿದಾಗ ಮಾತ್ರ ಅದಕ್ಕೆ ಶಕ್ತಿ.

ಹಾಗಾದರೆ ಕಲ್ಲಿನಲ್ಲಿ ಕೋಲು ಏಕೆ ಉಳಿಯಲಿಲ್ಲ? ಹೊಯ್ಸಳ ದೊರೆ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದದ್ದು 1116ರಲ್ಲಿ, ಬೇಲೂರಿನ ಗುಡಿ 1117ರದು. ಹುಲಿ ಚೋಳರ ಲಾಂಛನ. ಸಳನ ಶಿಲ್ಪ ಆ ಗೆಲುವಿನ ಗುರುತು ಎನ್ನುವ ವಿದ್ವಾಂಸರಿದ್ದಾರೆ. ಗೆದ್ದ ದೊರೆಗೆ ಕತ್ತಿ ಒಪ್ಪುತ್ತದೆ, ಕುಂಚದ ಕಾವು ಒಪ್ಪದು. ಇನ್ನೊಂದು ಕಾರಣವೂ ಇದೆ ಎಂದು ನಾನು ನಂಬಿದ್ದೇನೆ. ಹೊಯ್ಸಳರ ಲಾಂಛನದಲ್ಲಿ ಇರುವವರು ಸಳ ಮತ್ತು ಮೃಗ ಇಬ್ಬರೇ. ಮುನಿಯನ್ನು ತೆಗೆದ ಮೇಲೆ ಅವನ ಕೋಲು ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೂ ಮುನಿಗಳ ದಾರಿ ಹೊಯ್ಸಳರ ಊರಿನಿಂದ ಹೋಗಿಬಿಡಲಿಲ್ಲ. ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ನೋಡಿ ಬಸ್ ಹತ್ತುತ್ತಾರೆ. ದಯವಿಟ್ಟು ಪಕ್ಕದ ಬಸ್ತಿಹಳ್ಳಿಗೂ ಹೋಗಿ. ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಜೈನ. ಅವನ ನೆನಪಿಗೆ ಮಗ ಬೊಪ್ಪ ಅಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದು 1133ರಲ್ಲಿ. ಪ್ರತಿಷ್ಠೆಯ ಪ್ರಸಾದ ಬಂದ ಹೊತ್ತಿಗೆ ವಿಷ್ಣುವರ್ಧನನಿಗೆ ಯುದ್ಧದ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದ. ದೊರೆ ಪ್ರಸಾದ ತಲೆಗೆ ಒತ್ತಿಕೊಂಡು ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟನೆಂದು ಶಾಸನವಿದೆ.