ಫೆಲ್ಟ್ ತಿನಿಸು

ಫೆಲ್ಟ್ ಬಟ್ಟೆಯನ್ನು ಕತ್ತರಿಸಿ, ಕೈಯಲ್ಲೇ ಹೊಲಿದು ಮಾಡುವ ಆಟದ ಹಣ್ಣು, ತರಕಾರಿ, ರೊಟ್ಟಿ. ಮಕ್ಕಳ ಅಡುಗೆ ಆಟಕ್ಕೆ ಸಾಮಾನು, ಸೂಜಿ ಹಿಡಿಯಲು ಕಲಿಯುವವರಿಗೆ ಸುಲಭದ ಹವ್ಯಾಸ.

ಫೆಲ್ಟನ್ನು ನೇಯುವುದಿಲ್ಲ. ಬಿಸಿನೀರು, ಸಾಬೂನು, ಉಜ್ಜಾಟಕ್ಕೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗುತ್ತವೆ. ಅಗ್ಗದ ಫೆಲ್ಟು ಹೆಚ್ಚಾಗಿ ಪಾಲಿಯೆಸ್ಟರಿನದು. ಕತ್ತರಿಸಿದ ಅಂಚು ಎಳೆ ಬಿಡದು, ಮಡಚಿ ಹೊಲಿಯುವ ತಲೆನೋವಿಲ್ಲ. (ಕುರುಬರ ಕಂಬಳಿ ಮಗ್ಗದಲ್ಲಿ ನೇಯ್ದದ್ದು, ಅದು ಫೆಲ್ಟ್ ಅಲ್ಲ.)

ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ಮೋಟೆಬೆನ್ನೂರು ಬ್ಯಾಡಗಿ ತಾಲ್ಲೂಕಿನ ಊರು. ಇಲ್ಲಿ ಫೆಲ್ಟ್ ಹೊಲಿಯಲು ಕಲಿಯುವ ಹೊಸಬರಿಗೆ ಮೊದಲ ನಮೂನೆಯಾಗಿ ಮೆಣಸಿನಕಾಯಿಯೇ ಒಪ್ಪುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಮೈತುಂಬ ಸುಕ್ಕು. ಅದರ ಬಗೆಗಳಲ್ಲಿ ಕಡ್ಡಿ ನೀಳ, ಡಬ್ಬಿ ಗಿಡ್ಡ. ಎರಡು ಕೆಂಪು ತುಂಡು ಜೋಡಿಸಿ, ಅಂಚಿಗೆ ಬ್ಲಾಂಕೆಟ್ ಹೊಲಿಗೆ ಹಾಕುತ್ತ ಬಂದು, ಬಾಯಿ ಮುಚ್ಚುವ ಮೊದಲು ಚಿಟಿಕೆ ಅರಳೆ ತುರುಕಬೇಕು. ಮೈಯುದ್ದಕ್ಕೂ ಸಣ್ಣ ಹೊಲಿಗೆ ಓಡಿಸಿ ದಾರ ಜಗ್ಗಿದರೆ ಸುಕ್ಕು ತಾನಾಗಿ ಬೀಳುತ್ತದೆ. ಹೊಲಿಗೆ ಸೊಟ್ಟಾದರೆ ಬ್ಯಾಡಗಿ ಕಾಯಿಗೆ ಅದೇ ಚಂದ.

ಆ ಓಟದ ಹೊಲಿಗೆ ಈ ಸೀಮೆಗೆ ಹೊಸದಲ್ಲ; ಹಳೆ ಸೀರೆಗಳನ್ನು ಪದರಿಟ್ಟು ಹೊಲಿಯುವ ಕೌದಿಯದೂ ಅದೇ.

ಸಜ್ಜೆ ರೊಟ್ಟಿಗೆ ಬೂದು ಬಣ್ಣದ ದುಂಡನೆಯ ತುಂಡು ಸಾಕು. ಮೇಲಿನ ಎಳ್ಳಿಗೆ ಮಣಿ ಬೇಡ, ಕಪ್ಪು ದಾರದ ಗಂಟು ಹಾಕಬೇಕು: ಮೂರು ವರ್ಷದೊಳಗಿನ ಮಕ್ಕಳು ಮಣಿಯನ್ನು ಕಿತ್ತು ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.