ಮಕ್ಕಳ ಗೇಮ್ ಕನ್ಸೋಲ್: ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿದ್ದೀರಾ?



ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳ ಕೈಯಲ್ಲಿ ಗೇಮ್ ಕನ್ಸೋಲ್ ಇರುವುದು ಸಾಮಾನ್ಯ. ರೈಲಿನಲ್ಲಿ, ನೆಂಟರ ಮನೆಯಲ್ಲಿ, ಬೇಸಿಗೆ ರಜೆಗೆ ಊರಿಗೆ ಹೊರಟಾಗ ವಿಮಾನದಲ್ಲಿ ಅದು ಜೊತೆಗಿರುತ್ತದೆ. ಕಳೆದುಹೋಗಿ ಮತ್ತೆ ಸಿಕ್ಕರೂ, ಒಂದೇ ಬಣ್ಣ, ಒಂದೇ ಮಾದರಿಯ ಕನ್ಸೋಲ್‌ಗಳ ನಡುವೆ "ಇದು ನಮ್ಮದೇ" ಎಂದು ತೋರಿಸಲು ಗಟ್ಟಿ ಗುರುತು ಬೇಕು. ಆ ಗುರುತೇ ಸೀರಿಯಲ್ ನಂಬರ್.

ಎಲ್ಲಿ ನೋಡಬೇಕು?

* ನಿಂಟೆಂಡೊ ಸ್ವಿಚ್ (2017) ಮತ್ತು ಸ್ವಿಚ್ ಲೈಟ್ (2019): ಕೆಳ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ಜಾಗದ ಪಕ್ಕ. ಚೀಟಿ ಸವೆದಿದ್ದರೆ ಪರದೆಯಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದಲ್ಲಿ ನೋಡಿ.
* ಹಳೆಯ ನಿಂಟೆಂಡೊ ಡಿಎಸ್, 3ಡಿಎಸ್: ಹಿಂಬದಿಯ ಚೀಟಿಯಲ್ಲಿ.
* ಡಬ್ಬಿ ಇದ್ದರೆ ಅದರ ಮೇಲೆ, ಬಾರ್‌ಕೋಡ್ ಬಳಿ.

ಎಚ್‌ಎಸಿ-001 ಎಂಬಂಥದ್ದು ಮಾದರಿಯ ಸಂಖ್ಯೆ. ಆ ಮಾದರಿಯ ಎಲ್ಲ ಕನ್ಸೋಲ್‌ಗಳಲ್ಲೂ ಅದೇ ಇರುತ್ತದೆ. ಸ್ವಿಚ್‌ನ ಸೀರಿಯಲ್ ನಂಬರ್ ಮೂರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಉದ್ದನೆಯ ಸಂಖ್ಯೆ. ಫೋಟೋ ತೆಗೆದು, ಬಿಲ್ಲಿನ ಜೊತೆ ಇಡಿ.

ನೋಂದಣಿ

ಇಮ್ಮೊಬಿಲೈಸ್ ಎಂಬ ರಾಷ್ಟ್ರೀಯ ಪಟ್ಟಿಯಲ್ಲಿ ಉಚಿತವಾಗಿ ನೋಂದಾಯಿಸಬಹುದು. ಸಿಕ್ಕಿದ ವಸ್ತುವಿನ ಮಾಲೀಕರನ್ನು ಹುಡುಕಲು ಪೊಲೀಸರು ಈ ಪಟ್ಟಿಯನ್ನು ನೋಡುತ್ತಾರೆ. ಕಳವಾದರೆ 101ಕ್ಕೆ ಕರೆಮಾಡಿ ದೂರು ಕೊಡುವಾಗಲೂ, ವಿಮಾ ಕಂಪನಿಗೆ ಬರೆಯುವಾಗಲೂ ನಂಬರ್ ಕೈಯಲ್ಲಿರಲಿ.

ಹಳೆಯದನ್ನು ಕೊಳ್ಳುವಾಗ

ಕಾರ್ ಬೂಟ್ ಸೇಲ್‌ನಲ್ಲಾಗಲಿ, ಅಂತರ್ಜಾಲದ ಮೂಲಕ ಅಪರಿಚಿತರಿಂದಾಗಲಿ ಕೊಳ್ಳುವ ಮುನ್ನ ಕನ್ಸೋಲ್ ಆನ್ ಮಾಡಿಸಿ. ಪರದೆ, ಚೀಟಿ, ಡಬ್ಬಿ ಮೂರರಲ್ಲೂ ಒಂದೇ ನಂಬರ್ ಇದೆಯೇ ನೋಡಿ. ಚೀಟಿ ಕಿತ್ತಿದ್ದರೆ ಕಾರಣ ಕೇಳಿ. ಚೆಕ್‌ಮೆಂಡ್ ಸೇವೆಯಲ್ಲಿ ಸ್ವಲ್ಪ ಶುಲ್ಕ ಕೊಟ್ಟು ನಂಬರ್ ಪರಿಶೀಲಿಸಬಹುದು. ಆದರೆ ಅಲ್ಲಿ ದೂರು ಕಾಣದಿದ್ದ ಮಾತ್ರಕ್ಕೆ ಕಳವಿನ ಮಾಲಲ್ಲ ಎಂದು ಖಾತ್ರಿಯಿಲ್ಲ; ಮಾಲೀಕರು ದೂರು ಕೊಡದೆಯೂ ಇರಬಹುದು.

ಇದು ಏಕೆ ಮುಖ್ಯ? ಕಳವಿನ ಮಾಲಿಗೆ ನಾವು ದುಡ್ಡು ಕೊಟ್ಟಿದ್ದರೂ ಸಾಮಾನ್ಯವಾಗಿ ಅದು ನಮ್ಮದಾಗುವುದಿಲ್ಲ; ನಿಜವಾದ ಮಾಲೀಕರಿಗೆ ಮರಳಿಸಬೇಕಾಗುತ್ತದೆ. ಹುಟ್ಟುಹಬ್ಬಕ್ಕೆ ಕೊಟ್ಟ ಉಡುಗೊರೆಯನ್ನು ಮಗುವಿನ ಕೈಯಿಂದ ವಾಪಸ್ ಪಡೆಯುವ ಸಂಕಟ ಯಾರಿಗೂ ಬೇಡ. ಅಂಗಡಿಯಲ್ಲಿ ಕೊಂಡರೆ, ಹಳೆಯ ವಸ್ತುವೇ ಆದರೂ, 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ದೋಷವಿದ್ದಲ್ಲಿ 30 ದಿನದೊಳಗೆ ಮರಳಿಸಿ ಹಣ ಪಡೆಯಬಹುದು. ಖಾಸಗಿಯಾಗಿ ಮಾರುವವರಿಂದ ಕೊಂಡರೆ ಈ ರಕ್ಷಣೆ ಇಲ್ಲ.

ನೀವೇ ಮಾರುವಾಗ ಜಾಹೀರಾತಿನ ಫೋಟೋದಲ್ಲಿ ನಂಬರ್ ಕಾಣದಂತೆ ಮುಚ್ಚಿ. ಕೊಳ್ಳಲು ಬಂದವರಿಗೆ ಮಾತ್ರ ತೋರಿಸಿ. ಮಾರಿದ ಮೇಲೆ ನಿಮ್ಮ ನೋಂದಣಿಯನ್ನು ತೆಗೆಸಲು ಮರೆಯಬೇಡಿ.

ಈ ವಾರಾಂತ್ಯ ಮಕ್ಕಳನ್ನೇ ಕೂರಿಸಿಕೊಂಡು ಈ ಕೆಲಸ ಮುಗಿಸಿ. ಹತ್ತು ನಿಮಿಷ ಸಾಕು. ಪರಿಚಯದ ಇತರ ಕನ್ನಡ ಕುಟುಂಬಗಳಿಗೂ ತಿಳಿಸಬೇಕೆಂದು ಕೋರುತ್ತೇವೆ.